ಗಡುವು ಮೀರಿದ ಋಣಭಾರ: ಕಂಪನಿ ಆಸ್ತಿಯ ಮೇಲಣ ಭಾರದ ತಡನೋಂದಣಿ ಮತ್ತು ಅವಧಿ ವಿಸ್ತರಣೆಯ ಚರಿತ್ರೆ

ದೆಹಲಿಯಲ್ಲಿ ಬಹುಕಾಲ ನೆಲೆಸಿದ ಕನ್ನಡಿಗರಿಗೆ ಕಿದ್ವಾಯಿ ನಗರವೆಂದರೆ ಕೇಂದ್ರ ಸರ್ಕಾರಿ ನೌಕರರ ತಗ್ಗುಮನೆಗಳ ಸಾಲು, ಬೇವಿನ ಮರ, ಸಂಜೆಯ ತರಕಾರಿ ಗಾಡಿ. ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತ ಈ ಬಡಾವಣೆಯ ಪೂರ್ವಭಾಗದಲ್ಲಿ ಈಗ ಆ ಸಾಲುಮನೆಗಳಿಲ್ಲ. ಸುಮಾರು 86 ಎಕರೆ ಪ್ರದೇಶವನ್ನು ಎನ್.ಬಿ.ಸಿ.ಸಿ. ಸಂಸ್ಥೆಯು ಹೊಸದಾಗಿ ಕಟ್ಟಿದೆ. ಲೋದಿಗಳ ಕಾಲದ ದರಿಯಾ ಖಾನನ ಗೋರಿಯೊಂದು ಮಾತ್ರ ಎತ್ತರದ ಕಟ್ಟಡಗಳ ನಡುವೆ ತನ್ನ ಜಗತಿಯ ಮೇಲೆ ಉಳಿದುಕೊಂಡಿದೆ. ರಿಂಗ್ ರಸ್ತೆಯ ಅಂಚಿನ ಕಚೇರಿ ಗೋಪುರಗಳಲ್ಲಿ ಸೆಬಿಯ ಉತ್ತರ ವಲಯದ ಕಚೇರಿ ಇದೆ, ಪಂಜಾಬ್ ಅಂಡ್ ಸಿಂಧ್ ಬ್ಯಾಂಕಿನ ಕಚೇರಿ ಇದೆ. ಅಲ್ಲಿಯೇ ಸೆರ್ಸಾಯ್ ಎಂಬ ಹ್ರಸ್ವನಾಮದಿಂದ ಪರಿಚಿತವಾದ ಕೇಂದ್ರೀಯ ನೋಂದಣಿ ಸಂಸ್ಥೆಯ ಕಚೇರಿಯೂ ಇದೆ. ಯಾವ ಸಾಲಕ್ಕೆ ಯಾವ ಆಸ್ತಿ ಆಧಾರವಾಗಿದೆ ಎಂಬುದನ್ನು ದೇಶದ ಬ್ಯಾಂಕುಗಳೆಲ್ಲ ದಾಖಲಿಸಬೇಕಾದ ಸಂಸ್ಥೆ ಇದು.

ಸಾಲದ ದಾಖಲೆಗೆ ಒಂದು ಗಡುವಿರುತ್ತದೆ. ಗಡುವು ಮೀರಿದರೆ ಏನು? ಮೀರಿದವನಿಗೆ ಮತ್ತಷ್ಟು ದಿನ ಕೊಡುವ ಅಧಿಕಾರ ಯಾರದು? ಕೊಟ್ಟರೆ ಅದರ ನಷ್ಟ ಯಾರ ಪಾಲಿಗೆ? ಮೇಲ್ನೋಟಕ್ಕೆ ಇವು ಲೆಕ್ಕಪರಿಶೋಧಕರ ಪ್ರಶ್ನೆಗಳು. ಕನ್ನಡ ಅಧ್ಯಯನದ ಪತ್ರಿಕೆಯಲ್ಲಿ ಇವುಗಳಿಗೇನು ಕೆಲಸವೆಂದು ಓದುಗರು ಕೇಳಬಹುದು. ಆದರೆ ಅಡವು, ಒತ್ತೆ, ಭೋಗ್ಯ, ಋಣಗಳ ಬಗೆಗೆ ಕನ್ನಡ ನೆಲದಲ್ಲಿ ನಡೆದ ಚಿಂತನೆ ಹಳೆಯದು, ಖಚಿತವಾದುದು. ಆ ಚಿಂತನೆಯ ಬೆಳಕಿನಲ್ಲಿ ನೋಡಿದಾಗ ಈಗಿನ ಕಂಪನಿ ಕಾಯಿದೆಯ ಒಂದು ಸಣ್ಣ ವಾಕ್ಯದ ಬೆಲೆ ಹೆಚ್ಚು ಸ್ಪಷ್ಟವಾಗುತ್ತದೆ. ಆ ವಾಕ್ಯದ ಚರಿತ್ರೆಯೇ ಪ್ರಸ್ತುತ ಲೇಖನದ ವಸ್ತು.

ಮೊದಲು ಪದಗಳ ಮಾತು. ಕಂಪನಿಯೊಂದು ಸಾಲ ಪಡೆಯುವಾಗ ತನ್ನ ಜಮೀನು, ಯಂತ್ರ, ದಾಸ್ತಾನು ಅಥವಾ ಬರಬೇಕಾದ ಬಾಕಿಗಳ ಮೇಲೆ ಸಾಲದಾತನಿಗೆ ಒಂದು ಹಿಡಿತವನ್ನು ಕೊಡುತ್ತದೆ. ಬ್ಯಾಂಕಿನವರು ಇದನ್ನು ‘ಚಾರ್ಜು’ ಎನ್ನುತ್ತಾರೆ. ಕಾನೂನು ಅನುವಾದಗಳಲ್ಲಿ ‘ಪ್ರಭಾರ’ವೆಂಬ ರೂಪವೂ ಉಂಟು, ಆದರೆ ಕಚೇರಿಗಳಲ್ಲಿ ಆ ಪದ ಇನ್ನೊಬ್ಬರ ಹುದ್ದೆಯ ಹೊಣೆ ಹೊತ್ತ ಅಧಿಕಾರಿಗೆ ಅಂಟಿಕೊಂಡಿರುವುದರಿಂದ ಗೊಂದಲವಾಗುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ರೈತರೂ ಮನೆ ಕೊಳ್ಳುವವರೂ ದಿನನಿತ್ಯ ಕೇಳಿ ಪಡೆಯುವ ‘ಋಣಭಾರ ಪ್ರಮಾಣಪತ್ರ’ದಲ್ಲಿರುವ ‘ಋಣಭಾರ’ವೇ ಇಲ್ಲಿಗೆ ಹೊಂದುವ ಮಾತು. ಆಸ್ತಿ ಸಾಲಗಾರನ ಕೈಯಲ್ಲಿಯೇ ಇರುತ್ತದೆ, ಅದರ ಮೇಲೆ ಕುಳಿತ ಋಣ ಕಣ್ಣಿಗೆ ಕಾಣುವುದಿಲ್ಲ. ಈ ಕಾಣದಿರುವಿಕೆಯೇ ಸಮಸ್ಯೆಯ ಬೇರು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076 ರಿಂದ 1126 ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಚಾರಕ್ಕಾಗಿ ಇಡೀ ಭಾರತದ ನ್ಯಾಯಾಲಯಗಳು ಈ ಗ್ರಂಥವನ್ನು ಬಲ್ಲವು. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದೂ ಆ ಭಾಗವನ್ನೇ. ಋಣಾದಾನ ಮತ್ತು ಆಧಿಯ ಪ್ರಕರಣಗಳಿಗೆ ಆ ಭಾಗ್ಯ ಒದಗಲಿಲ್ಲ. ಸಾಲ ವ್ಯವಹಾರಗಳಲ್ಲಿ ಇಂಗ್ಲಿಷ್ ನ್ಯಾಯವೇ ಕ್ರಮೇಣ ಆಳತೊಡಗಿತು. ಆದರೆ ನಮ್ಮ ಪ್ರಶ್ನೆಗೆ ನೇರವಾಗಿ ತಾಗುವುದು ಈ ಮರೆತ ಭಾಗವೇ.

ಆಧಿಯಲ್ಲಿ ಎರಡು ಬಗೆ: ಸಾಲದಾತನು ಕಾಪಾಡಿಕೊಂಡಿರಬೇಕಾದ ‘ಗೋಪ್ಯ’, ಅವನು ಅನುಭವಿಸಬಹುದಾದ ‘ಭೋಗ್ಯ’. ಎರಡನೆಯ ಪದ ಇಂದಿಗೂ ಬೆಂಗಳೂರು, ಮೈಸೂರುಗಳ ಮನೆ ಬಾಡಿಗೆಯ ವ್ಯವಹಾರದಲ್ಲಿ ಜೀವಂತವಾಗಿದೆ. ಇವೆರಡೂ ಸಿದ್ಧವಾಗುವುದು ಸ್ವೀಕಾರದಿಂದ ಎಂದು ಸ್ಮೃತಿ ಹೇಳುತ್ತದೆ. ವಿಜ್ಞಾನೇಶ್ವರನು ಇದನ್ನು ಇನ್ನೂ ಬಿಗಿಗೊಳಿಸಿ, ಸ್ವೀಕಾರವೆಂದರೆ ವಸ್ತುವಿನ ಉಪಭೋಗ, ಸಾಕ್ಷಿ ಅಥವಾ ಬರಹ ಇದ್ದಮಾತ್ರಕ್ಕೆ ಆಧಿ ಸಿದ್ಧಿಸದು ಎಂಬ ಅರ್ಥದಲ್ಲಿ ವಿವರಿಸುತ್ತಾನೆ. ಇನ್ನೊಂದು ನಿಯಮ ಇದಕ್ಕಿಂತ ಸ್ವಾರಸ್ಯಕರ. ಧನಸಂಬಂಧದ ಇತರ ವಿವಾದಗಳಲ್ಲಿ ನಂತರದ ಕ್ರಿಯೆಗೆ ಬಲ ಹೆಚ್ಚು; ಆಧಿ, ದಾನ, ಕ್ರಯಗಳಲ್ಲಿ ಮಾತ್ರ ಮೊದಲನೆಯದಕ್ಕೆ ಬಲ. ಒಂದೇ ಹೊಲವನ್ನು ಇಬ್ಬರಿಗೆ ಅಡವಿಟ್ಟರೆ ಮೊದಲಿನವನೇ ಗೆಲ್ಲುತ್ತಾನೆ. ಎರಡು ನಿಯಮಗಳನ್ನೂ ಜೊತೆಗಿಟ್ಟು ಓದಿದರೆ, ಮೊದಲಿನವನು ಗೆಲ್ಲುವುದು ಅವನ ಹಿಡಿತ ಲೋಕಕ್ಕೆ ಕಾಣುತ್ತಿದೆ ಎಂಬ ಕಾರಣಕ್ಕೆ ಎಂಬುದು ಹೊಳೆಯುತ್ತದೆ. ಹೊಲವನ್ನು ಯಾರು ಉಳುತ್ತಿದ್ದಾರೆ, ಒಡವೆ ಯಾರ ಪೆಟ್ಟಿಗೆಯಲ್ಲಿದೆ ಎಂಬುದು ಊರಿಗೆ ತಿಳಿದ ವಿಷಯ. ಕಾಲದ ಮಾತೂ ಅಲ್ಲಿ ಬರುತ್ತದೆ: ಇಂತಿಷ್ಟು ಕಾಲಕ್ಕೆಂದು ಗೊತ್ತುಪಡಿಸಿದ ಆಧಿ ಆ ಕಾಲಕ್ಕೆ ಸಾಲಗಾರನ ಕೈತಪ್ಪುತ್ತದೆ, ಫಲಭೋಗ್ಯವಾದದ್ದು ತಪ್ಪುವುದಿಲ್ಲ. ಗಡುವಿನ ಪೆಟ್ಟು ಅಲ್ಲಿ ಸಾಲ ತೀರಿಸದವನಿಗೆ. ಇಂದಿನ ಕಂಪನಿ ಕಾಯಿದೆಯಲ್ಲಿ, ಮುಂದೆ ನೋಡುವಂತೆ, ಪೆಟ್ಟು ಬೀಳುವುದು ಸಾಲ ಕೊಟ್ಟವನಿಗೆ.

ದಕ್ಷಿಣ ಕನ್ನಡದಲ್ಲಿ ಹುಟ್ಟಿದ ಬ್ಯಾಂಕುಗಳ ಆರಂಭದ ವ್ಯವಹಾರವೂ ಬಹುಮಟ್ಟಿಗೆ ಈ ಹಳೆಯ ತತ್ತ್ವದ ಮೇಲೆ ನಿಂತಿತ್ತು. ಅಮ್ಮೆಂಬಳ ಸುಬ್ಬರಾವ್ ಪೈಗಳು 1906ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿ ಮುಂದೆ ಕೆನರಾ ಬ್ಯಾಂಕಾಯಿತು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆ ಹುಟ್ಟಿತು. ಚಿನ್ನದ ಒಡವೆಯ ಮೇಲೆ ಸಾಲ ಕೊಡುವ ಬ್ಯಾಂಕಿಗೆ ಬೇರೆ ದಾಖಲೆಯ ಚಿಂತೆಯಿಲ್ಲ. ಒಡವೆ ತಿಜೋರಿಯಲ್ಲಿದೆ, ಅದೇ ಸಾಕ್ಷಿ. 1956ರ ಕಂಪನಿ ಕಾಯಿದೆ ಕೂಡ ನೋಂದಾಯಿಸಬೇಕಾದ ಭಾರಗಳನ್ನು ಎಣಿಸುವಾಗ ಚರಾಸ್ತಿಯ ಒತ್ತೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿತ್ತು. ಸಾಲದಾತನ ಕೈಯಲ್ಲಿರುವುದಕ್ಕೆ ಪುಸ್ತಕದ ನಮೂದು ಬೇಡ. ಕಾರ್ಖಾನೆಯ ಯಂತ್ರವನ್ನು ತಿಜೋರಿಯಲ್ಲಿ ಇಡಲಾಗದು. ಓಡುತ್ತಿರುವ ಯಂತ್ರದ ಮೇಲೆ ಋಣವಿದೆ ಎಂಬುದು ಹೊರಗಿನವರಿಗೆ ತಿಳಿಯಬೇಕಾದರೆ ಯಾವುದಾದರೊಂದು ಪುಸ್ತಕದಲ್ಲಿ ಬರೆಯಲೇಬೇಕು. ಸ್ವಾಧೀನದ ಜಾಗದಲ್ಲಿ ನೋಂದಣಿ ಬಂದದ್ದು ಹೀಗೆ.

ಇಂಗ್ಲೆಂಡಿನ 1862ರ ಕಂಪನಿ ಕಾಯಿದೆ ಪ್ರತಿ ಕಂಪನಿಯೂ ತನ್ನ ಅಡಮಾನಗಳ ಪುಸ್ತಕವನ್ನು ತಾನೇ ಇಟ್ಟುಕೊಳ್ಳಬೇಕೆಂದು ಹೇಳಿತ್ತು. ಇಡದಿದ್ದರೆ ದಂಡ, ಅಡಮಾನಕ್ಕೆ ಮಾತ್ರ ಕುಂದಿಲ್ಲ. ಭಾರತದ 1882ರ ಕಾಯಿದೆಯೂ ಇದೇ ಜಾಡಿನದು. ಇದರ ಪರಿಣಾಮ ಲೋಕಕ್ಕೆ ಗೋಚರವಾದದ್ದು ಆ್ಯರನ್ ಸಾಲೊಮನ್ ಎಂಬ ಬೂಟು ತಯಾರಕನ ಪ್ರಸಿದ್ಧ ಮೊಕದ್ದಮೆಯಲ್ಲಿ. ತನ್ನ ವ್ಯಾಪಾರವನ್ನು ತಾನೇ ಕಟ್ಟಿದ ಕಂಪನಿಗೆ ಮಾರಿ, ಬೆಲೆಯ ಒಂದು ಭಾಗಕ್ಕೆ 10,000 ಪೌಂಡಿನ ಡಿಬೆಂಚರುಗಳನ್ನು ಅವನು ಪಡೆದಿದ್ದನು. ಕಂಪನಿ ಮುಳುಗಿದಾಗ ಇದ್ದಬದ್ದದ್ದೆಲ್ಲ ಡಿಬೆಂಚರಿಗೆ ಹೋಯಿತು; ಸರಕು ಕೊಟ್ಟ ಸಾಮಾನ್ಯ ಸಾಲದಾತರು ಬರಿಗೈಯಾದರು. ಲಾರ್ಡ್ಸ್ ಸಭೆ ಸಾಲೊಮನ್ನನ ಪರವಾಗಿಯೇ ತೀರ್ಪಿತ್ತಿತು. ತೀರ್ಪಿತ್ತವರಲ್ಲಿ ಒಬ್ಬರಾದ ಲಾರ್ಡ್ ಮ್ಯಾಕ್ನಾಟನ್, ಡಿಬೆಂಚರುದಾರರು ಬಂದು ಎಲ್ಲವನ್ನೂ ಗುಡಿಸಿಕೊಂಡು ಹೋಗುವ ಈ ಪದ್ಧತಿ ದೊಡ್ಡ ಹಗರಣವೆಂದು ಬೇಸರಪಟ್ಟರು. ಆ ಹೊತ್ತಿಗೆ ಡೇವಿ ಸಮಿತಿಯ 1895ರ ವರದಿ ಸುಧಾರಣೆಗೆ ಶಿಫಾರಸು ಮಾಡಿಯಾಗಿತ್ತು. 1900ರ ಕಾಯಿದೆ ಭಾರಗಳನ್ನು ಸರ್ಕಾರಿ ನೋಂದಣಾಧಿಕಾರಿಯಲ್ಲಿ 21 ದಿನಗಳೊಳಗೆ ದಾಖಲಿಸಬೇಕೆಂದೂ, ದಾಖಲಿಸದ ಭಾರ ಕಂಪನಿಯ ಸಮಾಪಕನ ಎದುರಿಗೂ ಇತರ ಸಾಲದಾತರ ಎದುರಿಗೂ ಶೂನ್ಯವೆಂದೂ ವಿಧಿಸಿತು.

ನಿಯಮದ ಜೊತೆಯಲ್ಲಿಯೇ ಅದರ ವಿನಾಯಿತಿಯೂ ಹುಟ್ಟಿತು. ತಪ್ಪು ಅಕಸ್ಮಾತ್ತಾಗಿದ್ದರೆ, ಅಚಾತುರ್ಯದಿಂದ ಆಗಿದ್ದರೆ, ಬೇರೆ ತಕ್ಕ ಕಾರಣವಿದ್ದರೆ, ಅಥವಾ ಅದರಿಂದ ಸಾಲದಾತರಿಗೂ ಷೇರುದಾರರಿಗೂ ಹಾನಿಯಿಲ್ಲವಾದರೆ ನ್ಯಾಯಾಧೀಶರು ಅವಧಿಯನ್ನು ವಿಸ್ತರಿಸಬಹುದು. ಕಾಯಿದೆ ಜಾರಿಯಾದ ಕೆಲವೇ ಕಾಲದಲ್ಲಿ ಜಾಪ್ಲಿನ್ ಬ್ರೂವರಿ ಎಂಬ ಮದ್ಯ ತಯಾರಿಕಾ ಕಂಪನಿಯ ಅರ್ಜಿ ನ್ಯಾಯಮೂರ್ತಿ ಬಕ್ಲಿಯವರ ಮುಂದೆ ಬಂದಿತು. 1902ರ ವರದಿಗಳಲ್ಲಿ ಅದು ದಾಖಲಾಗಿದೆ. ಬಕ್ಲಿಯವರು ಅವಧಿಯನ್ನು ವಿಸ್ತರಿಸಿದರು. ಆದರೆ ಆದೇಶಕ್ಕೆ ಒಂದು ಬಾಲವನ್ನು ಸೇರಿಸಿದರು: ಭಾರವು ನಿಜವಾಗಿ ನೋಂದಣಿಯಾಗುವುದಕ್ಕೆ ಮುನ್ನ ಇತರರು ಗಳಿಸಿಕೊಂಡ ಹಕ್ಕುಗಳಿಗೆ ಈ ಆದೇಶದಿಂದ ಬಾಧಕವಿಲ್ಲ. ತಡಮಾಡಿದವನು ಬರಬಹುದು, ಆದರೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು ಎಂಬುದು ಇದರ ಸಾರ. ಕಂಪನಿ ವಕೀಲರ ವಲಯದಲ್ಲಿ ಈ ಪರಂತುಕಕ್ಕೆ ಆ ಬ್ರೂವರಿಯ ಹೆಸರೇ ನಿಂತಿತು.

ಇಂಗ್ಲೆಂಡಿನಲ್ಲಿ ಈ ಪರಂತುಕ ನ್ಯಾಯಾಧೀಶರ ವಿವೇಚನೆಯಿಂದ ಬಂದ ಪದ್ಧತಿಯಾಗಿ ಉಳಿಯಿತು. ಭಾರತದಲ್ಲಿ ಹಾಗಾಗಲಿಲ್ಲ. ಭಾರತೀಯ ಕಂಪನಿಗಳ 1913ರ ಕಾಯಿದೆಯ 109ನೆಯ ಕಲಂ ನೋಂದಣಿಯನ್ನು ಕಡ್ಡಾಯಗೊಳಿಸಿತು. 120ನೆಯ ಕಲಂ ಅವಧಿ ವಿಸ್ತರಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುವಾಗಲೇ, ನೋಂದಣಿಗೆ ಮುಂಚೆ ಆ ಆಸ್ತಿಯ ಮೇಲೆ ಗಳಿಸಿದ ಹಕ್ಕುಗಳಿಗೆ ವಿಸ್ತರಣೆಯಿಂದ ಬಾಧಕವಾಗತಕ್ಕದ್ದಲ್ಲವೆಂಬ ಮಾತನ್ನು ಶಾಸನದೊಳಗೇ ಬರೆದಿಟ್ಟಿತು. ಒಬ್ಬ ನ್ಯಾಯಾಧೀಶರ ಎಚ್ಚರ ಇಲ್ಲಿ ಕಾಯಿದೆಯ ಅಕ್ಷರವಾಯಿತು. ವಸಾಹತು ಕಾಲದ ಶಾಸನ ರಚನೆಯನ್ನು ನಾವು ಸಾಮಾನ್ಯವಾಗಿ ಅನುಕರಣೆಯೆಂದು ತಳ್ಳಿಹಾಕುತ್ತೇವೆ. ಈ ಒಂದು ಕಡೆ ಪ್ರತಿ ಮೂಲಕ್ಕಿಂತ ಮುಂದೆ ಹೋಗಿದೆಯೆಂದು ಒಪ್ಪಬೇಕಾಗುತ್ತದೆ.

ಈ ಕಾಯಿದೆ ಕನ್ನಡ ನಾಡಿಗೆಲ್ಲ ಒಂದೇ ಆಗಿರಲಿಲ್ಲ. ಮದರಾಸು ಪ್ರಾಂತಕ್ಕೆ ಸೇರಿದ ಮಂಗಳೂರು, ಕಾಸರಗೋಡು, ಬಳ್ಳಾರಿಗಳಿಗೂ ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ಕಾರವಾರಗಳಿಗೂ 1913ರ ಕಾಯಿದೆ ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಕಂಪನಿ ಶಾಸನವಿದ್ದು, 1938ರಲ್ಲಿ ಅದು ಹೊಸ ಕಾಯಿದೆಯ ರೂಪ ತಳೆಯಿತು. ಹೈದರಾಬಾದು ಸಂಸ್ಥಾನದ ಅಧೀನದಲ್ಲಿದ್ದ ಬೀದರ, ಕಲಬುರಗಿ, ರಾಯಚೂರುಗಳಿಗೆ ಇನ್ನೊಂದು. ವಿಜ್ಞಾನೇಶ್ವರನ ಕಲ್ಯಾಣದಲ್ಲಿ ಕಂಪನಿಯ ಆಸ್ತಿಗೆ ಅನ್ವಯವಾಗುತ್ತಿದ್ದ ಕಾನೂನು ಹುಬ್ಬಳ್ಳಿಯದಕ್ಕಿಂತ ಬೇರೆಯಾಗಿತ್ತು. 1951ರಲ್ಲಿ ‘ಬಿ’ ಭಾಗದ ರಾಜ್ಯಗಳಿಗೆ ಕೇಂದ್ರ ಕಾನೂನುಗಳನ್ನು ವಿಸ್ತರಿಸಿದಾಗ ಈ ಭೇದ ಅಳಿಯಿತು. 1956ರ ಹೊಸ ಕಂಪನಿ ಕಾಯಿದೆ ಏಪ್ರಿಲ್ 1ರಂದು ಜಾರಿಗೆ ಬಂತು; ಕನ್ನಡ ಪ್ರದೇಶಗಳು ಒಂದುಗೂಡಿದ್ದು ಅದೇ ವರ್ಷದ ನವೆಂಬರ್ 1ರಂದು. ಕಂಪನಿಗಳು ಕನ್ನಡಿಗರಿಗಿಂತ ಮೊದಲೇ ಏಕೀಕರಣಗೊಂಡವು ಎಂದು ವಿನೋದಕ್ಕೆ ಹೇಳಬಹುದು.

1956ರ ಕಾಯಿದೆಯ 125ನೆಯ ಕಲಮಿನಲ್ಲಿ ಮೊದಲಿದ್ದ 21 ದಿನಗಳು ಮುಂದೆ ತಿದ್ದುಪಡಿಯಿಂದ 30 ಆದವು. ತಕ್ಕ ಕಾರಣವಿದ್ದರೆ ಸ್ವಲ್ಪ ಹೆಚ್ಚಿನ ಕಾಲಾವಕಾಶ ಕೊಡುವ ಅಧಿಕಾರ ನೋಂದಣಾಧಿಕಾರಿಗೆ ದೊರೆಯಿತು. ಅದೂ ಮೀರಿದರೆ 141ನೆಯ ಕಲಮಿನ ಆಶ್ರಯ. ಈ ಅಧಿಕಾರ ಮೊದಲು ಉಚ್ಚ ನ್ಯಾಯಾಲಯದ್ದಾಗಿದ್ದು, 1970ರ ದಶಕದಲ್ಲಿ ಕಂಪನಿ ಕಾನೂನು ಮಂಡಲಿಗೆ ವರ್ಗವಾಯಿತು. 1991ರಲ್ಲಿ ಮಂಡಲಿ ಸ್ವತಂತ್ರ ಅರೆನ್ಯಾಯಿಕ ಸಂಸ್ಥೆಯಾಗಿ ಪುನಾರಚನೆಗೊಂಡಿತು. ದಕ್ಷಿಣದ ಪೀಠ ಚೆನ್ನೈಯಲ್ಲಿ. ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ನೋಂದಣಾಧಿಕಾರಿಯ ಪುಸ್ತಕದಲ್ಲಿ ಒಂದು ನಮೂದು ತಡವಾಗಿ ಸೇರಬೇಕಾದರೆ ಚೆನ್ನೈಯ ಆದೇಶ ಬೇಕಾಗುತ್ತಿತ್ತು. ಅರ್ಜಿದಾರನು ಕಾರಣ ಹೇಳಬೇಕು, ಪ್ರಮಾಣಪತ್ರ ಸಲ್ಲಿಸಬೇಕು, ಪೀಠವು ಅದನ್ನು ಒಪ್ಪಬೇಕು. ಕಾರಣಗಳಲ್ಲಿ ವೈವಿಧ್ಯ ಕಡಿಮೆ: ಕಾಗದ ಬೇರೆ ಕಡತದಲ್ಲಿ ಸೇರಿತ್ತು, ಬ್ಯಾಂಕು ಮಾಡಿದೆಯೆಂದು ಕಂಪನಿಯೂ ಕಂಪನಿ ಮಾಡಿದೆಯೆಂದು ಬ್ಯಾಂಕೂ ತಿಳಿದಿದ್ದವು. ಪೀಠವೂ ಸಾಮಾನ್ಯವಾಗಿ ಉದಾರವಾಗಿಯೇ ನಡೆದುಕೊಳ್ಳುತ್ತಿತ್ತು. ನೋಂದಾಯಿಸುವ ಕರ್ತವ್ಯ ಕಂಪನಿಯದು, ತಪ್ಪಿದರೆ ಭದ್ರತೆ ಕಳೆದುಕೊಳ್ಳುವವನು ಸಾಲದಾತ ಎಂಬ ಓರೆ ವ್ಯವಸ್ಥೆಯಲ್ಲಿ ಈ ಔದಾರ್ಯಕ್ಕೆ ನ್ಯಾಯವಿಲ್ಲದಿಲ್ಲ.

ಆ ಕೋಣೆಯಲ್ಲಿ ಇಲ್ಲದಿದ್ದವನು ಮೂರನೆಯವನು. ಅವನ ಪಾಡನ್ನು ತಿಳಿಯಲು ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ.

ದಾವಣಗೆರೆಯ ಒಂದು ನೇಯ್ಗೆ ಕಂಪನಿ ಜನವರಿ 1ರಂದು ತನ್ನ ಯಂತ್ರಗಳ ಮೇಲೆ ಒಂದು ಬ್ಯಾಂಕಿನಿಂದ 2 ಕೋಟಿ ರೂಪಾಯಿ ಸಾಲ ಪಡೆಯಿತೆನ್ನೋಣ. ಭಾರ ನೋಂದಣಿಯಾಗಲಿಲ್ಲ. ಫೆಬ್ರವರಿಯಲ್ಲಿ ಒಬ್ಬ ನೂಲಿನ ವರ್ತಕ ನೋಂದಣಿ ಪುಸ್ತಕವನ್ನು ನೋಡಿ, ಯಂತ್ರಗಳ ಮೇಲೆ ಋಣವಿಲ್ಲವೆಂದು ನಂಬಿ 20 ಲಕ್ಷದ ನೂಲನ್ನು ಉದ್ದರಿ ಕೊಟ್ಟ. ಮಾರ್ಚಿಯಲ್ಲಿ ಎರಡನೆಯ ಬ್ಯಾಂಕು ಅದೇ ಯಂತ್ರಗಳ ಮೇಲೆ 50 ಲಕ್ಷ ಕೊಟ್ಟು ಕೂಡಲೇ ನೋಂದಾಯಿಸಿತು. ಏಪ್ರಿಲ್ ಮೂರನೆಯ ವಾರದಲ್ಲಿ ಮೊದಲ ಬ್ಯಾಂಕು ಎಚ್ಚೆತ್ತು ತಡನೋಂದಣಿ ಪಡೆಯಿತು. ಪರಂತುಕದ ಫಲವಾಗಿ ಎರಡನೆಯ ಬ್ಯಾಂಕು ಮೊದಲನೆಯದಕ್ಕಿಂತ ಮುಂದೆ ನಿಲ್ಲುತ್ತದೆ. ಎರಡನೆಯ ಬ್ಯಾಂಕಿಗೆ ಹಳೆಯ ಸಾಲದ ಸುದ್ದಿ ಖಾಸಗಿಯಾಗಿ ಗೊತ್ತಿದ್ದರೂ ಫಲ ಅದೇ. 1915ರ ಮೊನೊಲಿಥಿಕ್ ಬಿಲ್ಡಿಂಗ್ ಕಂಪನಿಯ ಇಂಗ್ಲಿಷ್ ತೀರ್ಪು ಹೇಳಿದ್ದು ಇದನ್ನೇ. ಕಿವಿಮಾತು ಲೆಕ್ಕಕ್ಕಿಲ್ಲ, ಪುಸ್ತಕದ ನಮೂದೇ ಲೆಕ್ಕ.

ನೂಲಿನ ವರ್ತಕನಿಗೇನು ಸಿಕ್ಕಿತು? ಏನೂ ಇಲ್ಲ. ಪರಂತುಕ ಕಾಪಾಡುವುದು ಆಸ್ತಿಯ ಮೇಲೆ ಹಕ್ಕು ಗಳಿಸಿದವರನ್ನು ಮಾತ್ರ. ನಂಬಿಕೆಯಿಂದ ಉದ್ದರಿ ಕೊಟ್ಟವನಿಗೆ ಕಂಪನಿ ನಡೆಯುತ್ತಿರುವವರೆಗೆ ಯಂತ್ರದ ಮೇಲೆ ಯಾವ ಹಕ್ಕೂ ಹುಟ್ಟಿರುವುದಿಲ್ಲ ಎಂದು ಅರ್ಮನ್ ಸಹೋದರರ 1906ರ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಸ್ಪಷ್ಟಪಡಿಸಿತು. ತಡನೋಂದಣಿಗೆ ಮುಂಚೆಯೇ ಕಂಪನಿಯ ಸಮಾಪನ ಆರಂಭವಾಗಿದ್ದರೆ ಮಾತ್ರ ಚಿತ್ರ ಬದಲಾಗುತ್ತದೆ: ಆಗ ಆಸ್ತಿಯೆಲ್ಲ ಸಾಲದಾತರ ಸಮುದಾಯದ್ದಾಗುವುದರಿಂದ ಮೊದಲ ಬ್ಯಾಂಕು ತನ್ನ 2 ಕೋಟಿಯೊಂದಿಗೆ ನೂಲಿನವನ ಪಕ್ಕದಲ್ಲಿಯೇ ಭದ್ರತೆಯಿಲ್ಲದೆ ನಿಲ್ಲಬೇಕು. ಹೀಗೆ ವರ್ತಕನ 20 ಲಕ್ಷದ ಗತಿ ಎರಡು ದಿನಾಂಕಗಳ ಓಟದ ಮೇಲೆ ನಿಂತಿದೆ. ಆ ಓಟದಲ್ಲಿ ಓಡುವವರಲ್ಲಿ ಅವನಿಲ್ಲ. ಕಾರ್ಮಿಕನ ಬಾಕಿ ಸಂಬಳದ ಸ್ಥಿತಿಯೂ ಬಹುಕಾಲ ಹೀಗೆಯೇ ಇದ್ದು, 1985ರ ತಿದ್ದುಪಡಿ ಅವನನ್ನು ಭದ್ರತೆಯುಳ್ಳ ಸಾಲದಾತರ ಸಮಕ್ಕೆ ತಂದಿತು. ನೂಲಿನ ವರ್ತಕನಿಗೆ ಅಂಥ ತಿದ್ದುಪಡಿ ಬರಲಿಲ್ಲ. ಜಾಪ್ಲಿನ್ ಪರಂತುಕದ ಕೀರ್ತಿಯನ್ನು ಹಾಡುವ ಪಠ್ಯಪುಸ್ತಕಗಳು ಅದರ ಈ ಮಿತಿಯನ್ನು ಅಡಿಟಿಪ್ಪಣಿಗೆ ತಳ್ಳುವುದು ಸರಿಯಲ್ಲವೆಂದು ಈ ಲೇಖಕನ ಅಭಿಪ್ರಾಯ.

2013ರ ಹೊಸ ಕಾಯಿದೆಯ ಸಂಬಂಧಪಟ್ಟ ಅಧ್ಯಾಯ 2014ರ ಏಪ್ರಿಲ್ 1ರಿಂದ ಜಾರಿಯಾಯಿತು. 77ನೆಯ ಕಲಂ 30 ದಿನಗಳ ಗಡುವನ್ನು ಉಳಿಸಿಕೊಂಡು, ಹೆಚ್ಚುವರಿ ಶುಲ್ಕದೊಂದಿಗೆ 300 ದಿನಗಳವರೆಗೆ ನೋಂದಣಾಧಿಕಾರಿಯೇ ಸ್ವೀಕರಿಸಬಹುದೆಂದಿತು. ಆಮೇಲೆ 87ನೆಯ ಕಲಮಿನಡಿ ಕೇಂದ್ರ ಸರ್ಕಾರಕ್ಕೆ ಅರ್ಜಿ. ಆಚರಣೆಯಲ್ಲಿ ಪ್ರಾದೇಶಿಕ ನಿರ್ದೇಶಕರಿಗೆ. ನ್ಯಾಯಪೀಠದ ಕೆಲಸ ಆಡಳಿತಾಧಿಕಾರಿಯ ಮೇಜಿಗೆ ಬಂದಿತು. ಪರಂತುಕ ಮಾತ್ರ ಹಾಗೆಯೇ ಜೊತೆಯಲ್ಲಿ ಬಂತು.

ದೊಡ್ಡ ತಿರುವು 2018ರದು. ಕಂಪನಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿ ಇಂಜೇಟಿ ಶ್ರೀನಿವಾಸ್ ಅವರ ಅಧ್ಯಕ್ಷತೆಯ ಸಮಿತಿ ಆ ವರ್ಷದ ಆಗಸ್ಟಿನಲ್ಲಿ ವರದಿಯೊಪ್ಪಿಸಿ, ಭಾರ ನೋಂದಣಿಯ ಕಾಲಾವಧಿಯನ್ನು ಬಹಳವಾಗಿ ತಗ್ಗಿಸಲು ಸೂಚಿಸಿತು. ನವೆಂಬರ್ 2ರಂದು ಸುಗ್ರೀವಾಜ್ಞೆ ಹೊರಟಿತು. ಅದನ್ನು ಮತ್ತೆರಡು ಬಾರಿ ಹೊರಡಿಸಿ, ಕೊನೆಗೆ 2019ರ ತಿದ್ದುಪಡಿ ಕಾಯಿದೆ 2018ರ ನವೆಂಬರ್ 2ರಿಂದಲೇ ಜಾರಿಗೆ ಬಂದಂತೆ ಅದನ್ನು ಸ್ಥಿರಗೊಳಿಸಿತು. ಆ ದಿನದಿಂದ ಸೃಷ್ಟಿಯಾದ ಭಾರಗಳಿಗೆ 30 ದಿನ. ಶುಲ್ಕದೊಂದಿಗೆ 60 ದಿನದವರೆಗೆ. ಮೌಲ್ಯಾನುಸಾರ ಶುಲ್ಕದೊಂದಿಗೆ ಮತ್ತೆ 60 ದಿನ. ಒಟ್ಟು 120 ದಿನ ಮುಗಿದರೆ ಬಾಗಿಲು ಮುಚ್ಚಿತು. 87ನೆಯ ಕಲಂ ಉಳಿದರೂ ಅದು ತಪ್ಪು ನಮೂದುಗಳನ್ನು ತಿದ್ದುವುದಕ್ಕೂ ಋಣ ತೀರಿದ ಸೂಚನೆಯ ತಡವನ್ನು ಮನ್ನಿಸುವುದಕ್ಕೂ ಸೀಮಿತವಾಯಿತು. ಹಿಂದಿನ ಭಾರಗಳಿಗೆ 300 ದಿನ ಅಥವಾ ತಿದ್ದುಪಡಿ ಜಾರಿಯಾದಂದಿನಿಂದ ಆರು ತಿಂಗಳ ಒಂದು ಸಂಕ್ರಮಣಾವಕಾಶ ಸಿಕ್ಕಿತು, ಅದೂ ಮುಗಿಯಿತು.

ಇಲ್ಲಿ ಆದ ಬದಲಾವಣೆ ದಿನಗಳ ಎಣಿಕೆಯದಷ್ಟೇ ಅಲ್ಲ. ಮೊದಲು ತಡವಾದವನು ಏಕೆ ತಡವಾಯಿತೆಂದು ಹೇಳಬೇಕಿತ್ತು. ಈಗ ಎಷ್ಟು ತಡವಾಯಿತೆಂಬುದೇ ಮುಖ್ಯ. ಕಾರಣದ ಜಾಗಕ್ಕೆ ದರಪಟ್ಟಿ ಬಂದಿದೆ. ಕೊನೆಯ 60 ದಿನಗಳಲ್ಲಿ ಸಾಮಾನ್ಯ ಕಂಪನಿಗೆ ಆರು ಪಟ್ಟು ಶುಲ್ಕದ ಜೊತೆಗೆ ಭಾರದ ಮೊತ್ತದ ಶೇಕಡಾ 0.05, ಗರಿಷ್ಠ 5 ಲಕ್ಷ ರೂಪಾಯಿ. ಸಣ್ಣ ಕಂಪನಿಗೆ ಮೂರು ಪಟ್ಟು ಮತ್ತು ಶೇಕಡಾ 0.025, ಗರಿಷ್ಠ 1 ಲಕ್ಷ. ನಮ್ಮ ದಾವಣಗೆರೆಯ ಕಂಪನಿ ಸಾಮಾನ್ಯ ವರ್ಗದ್ದಾದರೆ 2 ಕೋಟಿಗೆ ಮೌಲ್ಯಾನುಸಾರ ಶುಲ್ಕ 10,000 ರೂಪಾಯಿ. ಸಾಲ 100 ಕೋಟಿಯಾದಾಗ 5 ಲಕ್ಷದ ಮಿತಿ ಮುಟ್ಟುತ್ತದೆ. 1,000 ಕೋಟಿಯ ಸಾಲಕ್ಕೂ ಅಷ್ಟೇ. ದೊಡ್ಡ ಸಾಲಕ್ಕೆ ತಡವು ಅಗ್ಗ. ಇನ್ನೊಂದು ದಿಕ್ಕಿನಿಂದ ನೋಡಿದರೆ 120 ದಿನಗಳ ಗೋಡೆ ನೂಲಿನ ವರ್ತಕನಿಗೆ ಹಿಂದೆಂದೂ ಇಲ್ಲದ ಒಂದು ನೆಮ್ಮದಿಯನ್ನು ಕೊಟ್ಟಿದೆ: ಎರಡು ಮೂರು ವರ್ಷ ಹಳೆಯ, ಯಾರಿಗೂ ಕಾಣದ ಭಾರವೊಂದು ಪೀಠದ ಆದೇಶದೊಡನೆ ಒಮ್ಮೆಲೇ ಪುಸ್ತಕದಲ್ಲಿ ಮೂಡುವ ಭಯ ಈಗಿಲ್ಲ. ವಿಚಾರಣೆಯಿದ್ದ ಕಾಲದಲ್ಲಿ ಅವನಿಗೆ ನೋಟಿಸು ತಲುಪುತ್ತಿದ್ದದ್ದು ಅಪರೂಪವೆಂಬುದನ್ನು ನೆನೆದರೆ, ಹೋದ ವಿಚಾರಣೆಗಾಗಿ ಅವನು ಕಣ್ಣೀರಿಡಬೇಕಾಗಿಲ್ಲ. ಅವಧಿ ತಪ್ಪಿದ ಸಣ್ಣ ಸಾಲಸಂಸ್ಥೆಗೆ ಮಾತ್ರ ಇದು ಕಠಿಣ; ಸಾಲಗಾರ ಕಂಪನಿ ಸಹಕರಿಸಿದರೆ ಹೊಸ ಪತ್ರ ಬರೆಸಿ ಹೊಸ ಭಾರ ಸೃಷ್ಟಿಸಿಕೊಳ್ಳುವುದೊಂದೇ ಅದಕ್ಕೆ ಉಳಿದ ದಾರಿ, ಸಹಕರಿಸದಿದ್ದರೆ ಅದೂ ಇಲ್ಲ. ಸಾಲವೇನೋ ಅಳಿಯುವುದಿಲ್ಲ, ಭದ್ರತೆ ಅಳಿಯುತ್ತದೆ.

ಗೋಡೆ ಕಟ್ಟಿದ ಎರಡು ವರ್ಷಗಳೊಳಗೆ ಅದರಲ್ಲಿ ಕಿಂಡಿ ತೆರೆಯಬೇಕಾಗಿ ಬಂತು. ಕೋವಿಡ್ ಕಾಲದಲ್ಲಿ, 2020ರ ಜೂನ್ 17ರಂದು, ಇಲಾಖೆ ಸುತ್ತೋಲೆ ಹೊರಡಿಸಿ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗಿನ ದಿನಗಳನ್ನು ಗಡುವಿನ ಲೆಕ್ಕದಿಂದ ಬಿಟ್ಟುಬಿಟ್ಟಿತು. ಮುಂದೆ ಅದನ್ನು ಡಿಸೆಂಬರ್ 31ರವರೆಗೆ ಚಾಚಿತು. 2021ರ ಎರಡನೆಯ ಅಲೆಯಲ್ಲಿ ಮತ್ತೊಮ್ಮೆ ಇಂಥದೇ ಕ್ರಮ ಬಂತು. ಒಬ್ಬೊಬ್ಬ ಅರ್ಜಿದಾರನ ಕಾರಣವನ್ನು ತೂಗುತ್ತಿದ್ದ ಅಧಿಕಾರ ಇಡೀ ದೇಶಕ್ಕೆ ಒಂದೇ ಕಾರಣವನ್ನು ಒಪ್ಪಿಕೊಂಡ ಸಂದರ್ಭವಿದು. ನೋಂದಣಿಗೆ ಮುಂಚೆ ಗಳಿಸಿದ ಹಕ್ಕುಗಳ ಪರಂತುಕ 77ನೆಯ ಕಲಮಿನೊಳಗೇ ಕುಳಿತಿದ್ದರಿಂದ ಈ ಸಾರ್ವತ್ರಿಕ ವಿಸ್ತರಣೆಯೂ ಅದನ್ನು ದಾಟುವಂತಿರಲಿಲ್ಲ. 1913ರಲ್ಲಿ ಅದನ್ನು ಶಾಸನದೊಳಗೆ ಬರೆದಿಟ್ಟದ್ದು ಇಲ್ಲಿ ಉಪಯೋಗಕ್ಕೆ ಬಂತು. ನ್ಯಾಯಾಧೀಶರ ಪದ್ಧತಿಯಾಗಿ ಮಾತ್ರ ಉಳಿದಿದ್ದರೆ, ನ್ಯಾಯಾಧೀಶರೇ ಇಲ್ಲದ ಕಡೆ ಅದನ್ನು ಯಾರು ಸೇರಿಸಬೇಕಿತ್ತು?

ಕಿದ್ವಾಯಿ ನಗರದ ನೋಂದಣಿ ಸಂಸ್ಥೆ 2002ರ ಸರ್ಫೇಸಿ ಕಾಯಿದೆಯ ಕೂಸು. 2011ರ ಮಾರ್ಚ್ 31ರಂದು ಅದು ಕಾರ್ಯಾರಂಭ ಮಾಡಿತು. ಒಂದೇ ಮನೆಯ ಹಕ್ಕುಪತ್ರಗಳನ್ನು ತೋರಿಸಿ ಹಲವು ಬ್ಯಾಂಕುಗಳಿಂದ ಸಾಲ ಎತ್ತುವ ವಂಚನೆಗಳನ್ನು ತಡೆಯುವುದು ಅದರ ಮೂಲ ಉದ್ದೇಶ. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಮಾಡುವ ಅಡಮಾನಕ್ಕೆ ಬರೆದ ಪತ್ರವೇ ಬೇಕಿಲ್ಲವಾದ್ದರಿಂದ ಅನೇಕ ವೇಳೆ ಅದು ಊರಿನ ಋಣಭಾರ ಪ್ರಮಾಣಪತ್ರದಲ್ಲಿ ಕಾಣಿಸುತ್ತಿರಲಿಲ್ಲ. ವಿಜ್ಞಾನೇಶ್ವರನ ದೃಷ್ಟಿಯಿಂದ ಇದು ವಿಚಿತ್ರ ಆಧಿ: ಹೊಲ ಸಾಲಗಾರನ ಬಳಿ, ಹೊಲದ ಕಾಗದ ಸಾಲದಾತನ ಬಳಿ. ಇಲ್ಲಿಯೂ ಆರಂಭದಲ್ಲಿದ್ದದ್ದು 30 ದಿನಗಳ ಗಡುವು, ಶುಲ್ಕದೊಂದಿಗೆ ಮತ್ತೆ 30 ದಿನ. ನಂತರ ಸೇರಿಸಲಾದ 26ಎ ಕಲಂ ಅವಧಿ ವಿಸ್ತರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟು, ಅದರ ಬೆನ್ನಿಗೇ ಮತ್ತದೇ ವಾಕ್ಯವನ್ನು ಬರೆಯಿತು: ನೋಂದಣಿಗೆ ಮುಂಚೆ ಗಳಿಸಿದ ಹಕ್ಕುಗಳಿಗೆ ಬಾಧಕವಿಲ್ಲ. 2020ರ ಜನವರಿ 24ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಇಲ್ಲಿ ದಾಖಲಾಗದ ಸಾಲದಾತನು ನ್ಯಾಯಾಲಯದ ಹಂಗಿಲ್ಲದೆ ಆಸ್ತಿಯನ್ನು ವಶಪಡಿಸಿಕೊಳ್ಳುವ ಸರ್ಫೇಸಿ ಅಧಿಕಾರವನ್ನು ಬಳಸುವಂತಿಲ್ಲ. ದಿವಾಳಿ ಸಂಹಿತೆಯಡಿ ಸಮಾಪನಕ್ಕೆ ಬಂದ ಕಂಪನಿಯಲ್ಲಿ ಭದ್ರತೆಯನ್ನು ರುಜುವಾತುಪಡಿಸುವ ಮಾರ್ಗಗಳನ್ನು 2016ರ ನಿಯಮಾವಳಿ ಹೆಸರಿಸುವಾಗ ಕಂಪನಿ ನೋಂದಣಾಧಿಕಾರಿಯ ಪ್ರಮಾಣಪತ್ರದ ಜೊತೆಗೆ ಈ ಸಂಸ್ಥೆಯ ದಾಖಲೆಯನ್ನೂ ಎಣಿಸಿದೆ.

‘ಬಾಧಕ’ವೆಂಬ ಪದದ ಬಗೆಗೆ ಒಂದು ಮಾತು ಹೇಳಬೇಕು. ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಸರ್ವಬಾಧಾಪರಿಹಾರ’ವೆಂಬ ವಿಶೇಷಣ ಮತ್ತೆ ಮತ್ತೆ ಬರುತ್ತದೆ. ಕೊಟ್ಟ ಭೂಮಿಯ ಮೇಲೆ ತೆರಿಗೆ, ಬಿಟ್ಟಿ ಮೊದಲಾದ ಯಾವ ಹೊರೆಯೂ ಇಲ್ಲ ಎಂಬುದು ಅದರ ಆಶಯ. ಆ ಆಶ್ವಾಸನೆಯನ್ನು ಕಲ್ಲಿನ ಮೇಲೆ ಕೊರೆದು, ದೇಗುಲದ ಎದುರಿಗೋ ಊರ ನಡುವೆಯೋ ನಿಲ್ಲಿಸುತ್ತಿದ್ದರು. ಓದಬಲ್ಲವರು ಓದಿ, ಓದಲಾರದವರು ಕೇಳಿ ತಿಳಿಯುತ್ತಿದ್ದರು; ಬರಹ ಆ ಊರಿನ ಭಾಷೆಯಲ್ಲಿರುತ್ತಿತ್ತು.

ಕರ್ನಾಟಕದ ಉಪನೋಂದಣಿ ಕಚೇರಿಗಳು ಕಾವೇರಿ ತಂತ್ರಾಂಶದ ಮೂಲಕ ಕೊಡುವ ಋಣಭಾರ ಪ್ರಮಾಣಪತ್ರ ಕನ್ನಡದಲ್ಲಿದೆ. ದಾವಣಗೆರೆಯ ನೂಲಿನ ವರ್ತಕ ತಾನು ಕೊಳ್ಳುವ ನಿವೇಶನದ ಮೇಲಿನ ಋಣವನ್ನು ತನ್ನ ಭಾಷೆಯಲ್ಲಿ ಓದಬಲ್ಲ. ತಾನು ಉದ್ದರಿ ಕೊಡುವ ಕಂಪನಿಯ ಯಂತ್ರಗಳ ಮೇಲಿನ ಋಣದ ನಮೂದು, ಕೋರಮಂಗಲದ ನೋಂದಣಾಧಿಕಾರಿಯದಾಗಲಿ ಕಿದ್ವಾಯಿ ನಗರದ್ದಾಗಲಿ, ಅವನಿಗೆ ಸಿಗುವುದು ಇಂಗ್ಲಿಷಿನಲ್ಲಿ.